ಇಂಟರ್ನೆಟ್ ನಿಧಾನವೇ? ಹಣ ಕಟ್ಟುವ ಮೊದಲು ಕಾರಣ ಹುಡುಕಿ

ರಾತ್ರಿ ಊಟ ಮುಗಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ದಮ್ಮಾಮಿಗೋ ದುಬೈಗೋ ವಿಡಿಯೋ ಕರೆ ಮಾಡುತ್ತೀರಿ. ಎರಡು ಮಾತು ಆಡುವಷ್ಟರಲ್ಲಿ ಆ ಕಡೆಯ ಮುಖ ಪರದೆಯ ಮೇಲೆ ಹಾಗೆಯೇ ನಿಂತುಬಿಡುತ್ತದೆ. ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಇನ್ನೊಂದು ದಿನ ಮಗಳ ಕಾಲೇಜು ಅರ್ಜಿಗೆ ಕೊನೆಯ ದಿನ. ಪುಟ ಮಾತ್ರ ತೆರೆದುಕೊಳ್ಳುವುದೇ ಇಲ್ಲ. ಕಂಪೆನಿಗೆ ಫೋನ್ ಮಾಡಿದರೆ ಬರುವ ಉತ್ತರ ಒಂದೇ: "ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ." ತಿಂಗಳ ಖರ್ಚಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ಮಾತ್ರ ಮೊದಲಿನಂತೆಯೇ ಇರುತ್ತದೆ.

ಏಕೆ ಹೀಗಾಗುತ್ತದೆ? ನಿಧಾನ ಎಲ್ಲಿದೆ ಎಂದು ನೋಡದೆಯೇ ನಾವು ಹಣ ಕಟ್ಟಿರುತ್ತೇವೆ. ಹೊಟ್ಟೆನೋವಿಗೆ ಕಾರಣ ತಿಳಿಯದೆ ಔಷಧಿ ಬದಲಿಸುತ್ತಾ ಹೋದಂತೆ ಇದು. ಕಾರಣ ಹುಡುಕುವುದು ಕಷ್ಟದ ಕೆಲಸವಲ್ಲ. ಇದಕ್ಕೆ ಕಂಪ್ಯೂಟರ್ ಓದಿರಬೇಕೆಂದಿಲ್ಲ, ಮನೆಯ ಗಂಡಸರು ಬರುವವರೆಗೆ ಕಾಯಬೇಕೆಂದೂ ಇಲ್ಲ. ಒಂದು ಫೋನ್, ಒಂದು ಹಾಳೆ, ಒಂದು ಪೆನ್ನು ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ನೀವೇ ಮಾಡಬಹುದು.

ಡಯಲ್-ಅಪ್ ಕಲಿಸಿದ ಪಾಠ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಈ ಸೇವೆಯನ್ನು ಆರಂಭಿಸಿತ್ತು. ಆ ಕಾಲದ ಇಂಟರ್ನೆಟ್ ಬರುತ್ತಿದ್ದದ್ದು ಮಾತಾಡುವ ಟೆಲಿಫೋನ್ ತಂತಿಯಲ್ಲೇ. ಕಂಪ್ಯೂಟರಿನ ಮೋಡೆಮ್ ಒಂದು ನಂಬರಿಗೆ ಫೋನ್ ಮಾಡುತ್ತಿತ್ತು. ಕಿರ್ರ್, ಗೊರ್ರ್ ಎಂಬ ಸದ್ದು ಮುಗಿದ ಮೇಲೆ ಸಂಪರ್ಕ. ಅದಕ್ಕೇ ಡಯಲ್-ಅಪ್ ಎಂಬ ಹೆಸರು. ನಲವತ್ತು ದಾಟಿದ ಓದುಗಿಯರಿಗೆ ಆ ಸದ್ದು ನೆನಪಿರಬಹುದು. ಇಂಟರ್ನೆಟ್ ಓಡುವಷ್ಟು ಹೊತ್ತು ಫೋನ್ ಎಂಗೇಜ್. ನಿಮಿಷ ನಿಮಿಷಕ್ಕೂ ಬಿಲ್ಲು ಏರುತ್ತಿತ್ತು.

ಡಯಲ್-ಅಪ್‌ನ ಗರಿಷ್ಠ ವೇಗ 56 ಕೆಬಿಪಿಎಸ್. ಈ ಮಿತಿಗೆ ಕಾರಣವಿತ್ತು. ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತಿತ್ತು. ಅದರಲ್ಲಿ 7 ಬಿಟ್‌ಗಳಷ್ಟೇ ಮೋಡೆಮ್‌ಗೆ ಭರವಸೆಯಿಂದ ಸಿಗುತ್ತಿದ್ದವು. ಎಂಟು ಸಾವಿರವನ್ನು ಏಳರಿಂದ ಗುಣಿಸಿದರೆ 56,000. ಧ್ವನಿಗಾಗಿ ಮಾಡಿದ ದಾರಿಯಲ್ಲಿ ಅದಕ್ಕಿಂತ ಹೆಚ್ಚು ಹೋಗಲು ಜಾಗವೇ ಇರಲಿಲ್ಲ.

ಆದರೆ ಹೆಚ್ಚಿನ ಮನೆಗಳಿಗೆ ಆ 56 ಕೂಡ ಸಿಗುತ್ತಿರಲಿಲ್ಲ. ಕೆಲವರಿಗೆ 40, ಕೆಲವರಿಗೆ 28. ಒಂದೇ ಎಕ್ಸ್‌ಚೇಂಜ್, ಒಂದೇ ಶುಲ್ಕ. ಆದರೂ ಪಕ್ಕದ ಮನೆಯಲ್ಲಿ ವೇಗ, ನಮ್ಮಲ್ಲಿ ನಿಧಾನ. ಕಾರಣ ಹೆಚ್ಚಾಗಿ ಮನೆಯ ಒಳಗೇ ಇರುತ್ತಿತ್ತು. ಒಳಕೋಣೆಯವರೆಗೆ ಎಳೆದ ಅಗ್ಗದ ಎಕ್ಸ್‌ಟೆನ್ಷನ್ ವಯರ್, ಮಳೆಗಾಲದಲ್ಲಿ ಕಿಲುಬು ಹಿಡಿದ ಜೋಡಣೆ, ಮಹಡಿಯಲ್ಲಿ ಇಟ್ಟ ಎರಡನೇ ಫೋನ್ ಇವೆಲ್ಲ ಲೈನಿನಲ್ಲಿ ಗರಗರ ಸದ್ದು ಎಬ್ಬಿಸುತ್ತಿದ್ದವು. ಸದ್ದು ಇರುವ ಕಡೆ ನಾವು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುವುದಿಲ್ಲವೇ? ಮೋಡೆಮ್ ಕೂಡ ಹಾಗೆಯೇ ವೇಗ ಇಳಿಸುತ್ತಿತ್ತು. ಯಾರಾದರೂ ಇನ್ನೊಂದು ಫೋನ್ ಎತ್ತಿದರೆ ಅಥವಾ ಕಾಲ್ ವೇಟಿಂಗ್‌ನ 'ಬೀಪ್' ಬಂದರೆ ಸಂಪರ್ಕವೇ ಕಡಿದುಹೋಗುತ್ತಿತ್ತು.

ಆಗ ತಿಳಿದವರು ಒಂದು ಸರಳ ಪರೀಕ್ಷೆ ಮಾಡುತ್ತಿದ್ದರು. ಮನೆಯ ಎಲ್ಲ ವಯರುಗಳನ್ನು ಬಿಡಿಸಿ, ಹೊರಗಿನಿಂದ ಲೈನ್ ಬರುವ ಮೊದಲ ಪೆಟ್ಟಿಗೆಗೇ ಕಂಪ್ಯೂಟರನ್ನು ಜೋಡಿಸಿ ನೋಡುವುದು. ಅಲ್ಲಿ ವೇಗ ಬಂತೆಂದರೆ ದೋಷ ಮನೆಯೊಳಗಿನ ವಯರಿನದ್ದು. ಅಲ್ಲೂ ಬರಲಿಲ್ಲವೆಂದರೆ ಲೈನ್‌ಮ್ಯಾನ್‌ಗೆ ಹೇಳಬೇಕು. ನಂತರ ಒಂದೊಂದೇ ವಯರನ್ನು ಮತ್ತೆ ಜೋಡಿಸುತ್ತಾ ಹೋದರೆ ಕಳ್ಳ ಯಾವುದೆಂದು ತಾನಾಗಿ ಗೊತ್ತಾಗುತ್ತಿತ್ತು.

ಡಯಲ್-ಅಪ್ ಕಾಲ ಮುಗಿಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರಕಾರ ಕನಿಷ್ಠ ವೇಗವನ್ನು 256 ಕೆಬಿಪಿಎಸ್ ಎಂದು ಹೇಳಿತ್ತು. 2013ರಲ್ಲಿ ಅದು 512 ಕೆಬಿಪಿಎಸ್ ಆಯಿತು, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಅಮೆರಿಕದ ಎಒಎಲ್ ಕಂಪೆನಿ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಆದರೆ ಆ ಹಳೆಯ ಪರೀಕ್ಷೆ ಇಂದಿಗೂ ಹಳತಾಗಿಲ್ಲ. ಆಗ ತಂತಿಯಲ್ಲಿದ್ದ ದೋಷ ಈಗ ಗೋಡೆಯಲ್ಲಿ, ರೂಟರಿನಲ್ಲಿ ಅಥವಾ ಫೋನಿನಲ್ಲಿ ಇರುತ್ತದೆ, ಅಷ್ಟೇ.

ಮೊದಲು ಲೆಕ್ಕ ತಿಳಿಯಿರಿ

ಕಂಪೆನಿ ಹೇಳುವ ವೇಗ 'ಬಿಟ್' ಲೆಕ್ಕದಲ್ಲಿ. ಫೋಟೋ, ವಿಡಿಯೋಗಳ ಗಾತ್ರ 'ಬೈಟ್' ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಎಂಬಿ. 40 ಎಂಬಿ ಎಂದುಕೊಂಡು ಮೋಸವಾಯಿತೆಂದು ಬೇಸರಪಡಬೇಡಿ.

ಇನ್ನು, ನಿಮ್ಮ ಮನೆಗೆ ಎಷ್ಟು ಬೇಕು? ಯೂಟ್ಯೂಬ್ ತನ್ನ ವಿಡಿಯೋಗಳಿಗೆ ಸೂಚಿಸುವ ವೇಗ ಹೀಗಿದೆ: ಫೋನಿನಲ್ಲಿ ಚೆನ್ನಾಗಿ ಕಾಣುವ 720ಪಿ ವಿಡಿಯೋಗೆ 2.5 ಎಂಬಿಪಿಎಸ್, 1080ಪಿ ವಿಡಿಯೋಗೆ 5 ಎಂಬಿಪಿಎಸ್, ದೊಡ್ಡ ಟಿವಿಯ 4ಕೆ ವಿಡಿಯೋಗೆ 20 ಎಂಬಿಪಿಎಸ್. ಇಬ್ಬರು ಮಾತಾಡುವ ವಿಡಿಯೋ ಕರೆಗೆ ಎರಡೂ ದಿಕ್ಕಿನಲ್ಲಿ ಒಂದೆರಡು ಎಂಬಿಪಿಎಸ್ ಇದ್ದರೆ ಧಾರಾಳವಾಯಿತು. ನಾಲ್ಕೈದು ಜನರ ಸಾಧಾರಣ ಮನೆಗೆ 40 ಎಂಬಿಪಿಎಸ್ ಸಾಕಾಗದಿದ್ದರೆ, ನೂರಕ್ಕೆ ಏರಿಸುವ ಮೊದಲು ಆ ನಲವತ್ತು ನಿಜವಾಗಿ ನಿಮ್ಮ ಕೈಗೆ ಬರುತ್ತಿದೆಯೇ ಎಂದು ನೋಡಬೇಕು.

ಅರ್ಧ ಗಂಟೆಯ ಪರೀಕ್ಷೆ

ವೇಗ ಅಳೆಯಲು ಉಚಿತ ಆ್ಯಪ್‌ಗಳಿವೆ. ಟ್ರಾಯ್‌ನ 'ಮೈಸ್ಪೀಡ್' ಅಥವಾ 'ಸ್ಪೀಡ್‌ಟೆಸ್ಟ್' ಯಾವುದಾದರೂ ಆಗುತ್ತದೆ. ಪರೀಕ್ಷೆಗೆ ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ; ಇಲ್ಲವಾದರೆ ಅಳೆದದ್ದು ವೈಫೈಯನ್ನೋ ಸಿಮ್ಮನ್ನೋ ತಿಳಿಯುವುದಿಲ್ಲ. ಮನೆಯ ಇತರ ಫೋನ್, ಟಿವಿಗಳ ವೈಫೈಯನ್ನೂ ಸ್ವಲ್ಪ ಹೊತ್ತು ಆಫ್ ಮಾಡಿಸಿ.

ಮೊದಲನೆಯದಾಗಿ, ರೂಟರ್ ಇರುವ ಕೋಣೆಯಲ್ಲೇ ನಿಂತು ಅಳೆಯಿರಿ. ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಬರೆದುಕೊಳ್ಳಿ. ಎರಡನೆಯದಾಗಿ, ನಿಮಗೆ ತೊಂದರೆ ಆಗುವ ಕೋಣೆಗೆ, ಅಡುಗೆಮನೆಗೋ ಮಹಡಿಗೋ ಹೋಗಿ ಅಳೆಯಿರಿ. ಮೂರನೆಯದಾಗಿ, ಇದನ್ನೇ ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ಮಾಡಿ. ಕೊನೆಯಲ್ಲಿ, ಮನೆಯ ಇನ್ನೊಂದು ಫೋನಿನಿಂದಲೂ ಒಮ್ಮೆ ಅಳೆಯಿರಿ.

ಈಗ ಹಾಳೆಯೇ ನಿಮಗೆ ಉತ್ತರ ಹೇಳುತ್ತದೆ. ರೂಟರ್ ಹತ್ತಿರ ಪೂರ್ತಿ ವೇಗ, ಒಳಕೋಣೆಯಲ್ಲಿ ಕಡಿಮೆ ಎಂದಾದರೆ ತೊಂದರೆ ವೈಫೈಯದ್ದು. ಒಂದು ಫೋನಿನಲ್ಲಿ ಮಾತ್ರ ನಿಧಾನವಾದರೆ ತೊಂದರೆ ಆ ಫೋನಿನದ್ದು. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ರೂಟರ್ ಹತ್ತಿರವೂ ಕುಸಿದರೆ ಕಂಪೆನಿಯ ಕಡೆ ದಟ್ಟಣೆ ಇರಬಹುದು. ಎಲ್ಲ ಹೊತ್ತಿನಲ್ಲೂ, ಎಲ್ಲ ಫೋನಿನಲ್ಲೂ, ರೂಟರ್ ಪಕ್ಕದಲ್ಲೇ ನಿಧಾನವಾದರೆ ಲೈನು ಅಥವಾ ರೂಟರ್ ನೋಡಿಸಬೇಕು. ದೊಡ್ಡ ಪ್ಲಾನ್‌ನಿಂದ ಪ್ರಯೋಜನವಾಗುವುದು ಒಂದೇ ಸಂದರ್ಭದಲ್ಲಿ: ಹಣ ಕೊಟ್ಟಷ್ಟೂ ವೇಗ ಕೈಗೆ ಬರುತ್ತಿದ್ದು, ಅಷ್ಟೂ ಖರ್ಚಾಗಿ ಇನ್ನೂ ಸಾಲದೆ ಬರುವಾಗ.

ವೈಫೈ ಮತ್ತು ನಮ್ಮ ಗೋಡೆಗಳು

ನಮ್ಮ ಮನೆಗಳಲ್ಲಿ ರೂಟರ್ ಎಲ್ಲಿರುತ್ತದೆ? ಕೇಬಲ್ ಹಾಕಲು ಬಂದವರಿಗೆ ಸುಲಭವಾದ ಜಾಗದಲ್ಲಿ. ಹೆಚ್ಚಾಗಿ ಮುಂಬಾಗಿಲ ಮೂಲೆ, ಟಿವಿಯ ಹಿಂದುಗಡೆ ಅಥವಾ ಶೋಕೇಸಿನ ಒಳಗೆ. ವೈಫೈ ಎಂದರೆ ರೇಡಿಯೋ ಅಲೆ. ಕಾಂಕ್ರೀಟು, ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು ಇವೆಲ್ಲ ಅದನ್ನು ತಡೆಯುತ್ತವೆ. ನೀರು ತುಂಬಿದ ಟ್ಯಾಂಕು, ಮೀನಿನ ಗಾಜಿನ ತೊಟ್ಟಿ ಕೂಡ ಅದನ್ನು ಹೀರಿಕೊಳ್ಳುತ್ತವೆ. ಮೈಕ್ರೋವೇವ್ ಒಲೆ ಓಡುವಾಗ ಪಕ್ಕದ ವೈಫೈ ಕುಂಟುವುದುಂಟು, ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನೇ ಬಳಸುತ್ತವೆ.

ಆದ್ದರಿಂದ ರೂಟರನ್ನು ಮನೆಯ ನಡುಭಾಗಕ್ಕೆ, ಎದೆಮಟ್ಟಕ್ಕಿಂತ ಎತ್ತರಕ್ಕೆ, ತೆರೆದ ಜಾಗಕ್ಕೆ ತನ್ನಿ. ಇದಕ್ಕೆ ಸ್ವಲ್ಪ ಕೇಬಲ್ ಬೇಕಾಗಬಹುದು. ಆ ಕೆಲಸವನ್ನು ಕಂಪೆನಿಯವರಿಂದಲೇ ಮಾಡಿಸಿ. ಫೈಬರ್ ಕೇಬಲನ್ನು ನೀವೇ ಎಳೆಯಬೇಡಿ.

ನಿಮ್ಮ ವೈಫೈ ಪಟ್ಟಿಯಲ್ಲಿ ಎರಡು ಹೆಸರು ಕಾಣುತ್ತದೆಯೇ? ಒಂದರ ಕೊನೆಗೆ '5ಜಿ' ಎಂದಿರಬಹುದು. ಇದು ಸಿಮ್ಮಿನ 5ಜಿ ಅಲ್ಲ. 5 ಗಿಗಾಹರ್ಟ್ಸ್ ಅಲೆ ಎಂದು ಅರ್ಥ. ಅದು ವೇಗವಾಗಿದೆ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ರೂಟರ್ ಇರುವ ಹಾಲ್‌ನಲ್ಲಿ ಕೂತು ಕರೆ ಮಾಡುವಾಗ '5ಜಿ' ಇರುವುದನ್ನು ಹಿಡಿಯಿರಿ, ಹಿಂದಿನ ಕೋಣೆಗೆ ಇನ್ನೊಂದನ್ನು. ಅಕ್ಕಪಕ್ಕದಲ್ಲಿ ಹತ್ತಾರು ವೈಫೈ ಇರುವ ಫ್ಲ್ಯಾಟ್‌ಗಳಲ್ಲಿ ಈ ಒಂದು ಬದಲಾವಣೆಯಿಂದಲೇ ದೊಡ್ಡ ವ್ಯತ್ಯಾಸ ಕಾಣಬಹುದು.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಕ್ಸ್‌ಟೆಂಡರ್ ಬಗ್ಗೆ ಒಂದು ಮಾತು. ಅದು ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವ ಬಗೆಯದಾದರೆ ವೇಗ ಅರ್ಧದಷ್ಟು ಇಳಿಯುತ್ತದೆ. ಕರೆಗೆ ಅಷ್ಟು ಸಾಕಾಗಬಹುದು. ಎರಡು ಮಹಡಿಯ ಮನೆಯಾದರೆ ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅಲ್ಲಿ ಇನ್ನೊಂದು ರೂಟರ್ ಇಡುವುದು ಹೆಚ್ಚು ಭದ್ರ.

ವೇಗವನ್ನು ತಿನ್ನುವವರು ಯಾರು?

ಪೈಪಿನಲ್ಲಿ ನೀರು ಚೆನ್ನಾಗಿಯೇ ಬರುತ್ತಿದ್ದರೂ ನಾಲ್ಕು ನಲ್ಲಿ ಒಟ್ಟಿಗೆ ತೆರೆದಿದ್ದರೆ ಸ್ನಾನದ ಮನೆಯಲ್ಲಿ ನೀರು ಸಣ್ಣಗಾಗುತ್ತದೆ. ಇಂಟರ್ನೆಟ್ಟೂ ಹಾಗೆಯೇ. ವಿಶೇಷವಾಗಿ ನೋಡಬೇಕಾದದ್ದು ಕಣ್ಣಿಗೆ ಕಾಣದ ಬಳಕೆ. ಮದುವೆ ಮನೆಯಿಂದ ಬಂದ ರಾತ್ರಿ ಎಲ್ಲರ ಫೋನುಗಳೂ ನೂರಾರು ಫೋಟೋ, ವಿಡಿಯೋಗಳನ್ನು ತಾವಾಗಿಯೇ ಬ್ಯಾಕಪ್‌ಗೆ ಕಳಿಸುತ್ತಿರುತ್ತವೆ. ಸಿಸಿ ಕ್ಯಾಮೆರಾ ದಿನವಿಡೀ ಕಳಿಸುತ್ತಿರಬಹುದು. ಇವು ತಿನ್ನುವುದು ಅಪ್‌ಲೋಡ್ ವೇಗವನ್ನು. ಡೌನ್‌ಲೋಡ್ ಚೆನ್ನಾಗಿರುವುದರಿಂದ ನಿಮಗೆ ವಿಡಿಯೋ ಸರಾಗವಾಗಿ ಕಾಣುತ್ತದೆ. ಕರೆಯಲ್ಲಿ ಮಾತ್ರ ನಿಮ್ಮ ಮುಖ ಆ ಕಡೆ ನಿಂತುಹೋಗುತ್ತದೆ. ಫೋಟೋ ಆ್ಯಪ್‌ನ ಬ್ಯಾಕಪ್ ಅನ್ನು ಕರೆಯ ಹೊತ್ತಿಗೆ ನಿಲ್ಲಿಸಿ ನೋಡಿ.

ವೈಫೈ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಎಂದೂ ಯೋಚಿಸಿ. ನೆಂಟರಿಗೆ, ನೆರೆಯ ಮಕ್ಕಳಿಗೆ ಎಂದೋ ಹೇಳಿದ್ದು ಹಾಗೆಯೇ ಉಳಿದಿರುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸಿ. ಅತಿಥಿಗಳಿಗೆ ಬೇರೆ ಹೆಸರಿನ ವೈಫೈ ಕೊಡುವ ಸೌಲಭ್ಯ ಅನೇಕ ರೂಟರ್‌ಗಳಲ್ಲಿದೆ. ಮನೆಗೆ ಬಂದವರಿಗೆ ಇಲ್ಲವೆನ್ನುವ ಮುಜುಗರವೂ ಬೇಡ, ನಿಮ್ಮ ಗುಟ್ಟೂ ಉಳಿಯುತ್ತದೆ.

ರೂಟರಿನ ದೀಪಗಳು ಹೇಳುವುದೇನು?

ಫೈಬರ್ ಸಂಪರ್ಕವಿದ್ದರೆ ಪೆಟ್ಟಿಗೆಯ ಮೇಲೆ 'ಪಿಒಎನ್' ಮತ್ತು 'ಎಲ್‌ಒಎಸ್' ಎಂಬ ದೀಪಗಳನ್ನು ನೋಡಿ. ಪಿಒಎನ್ ಹಸಿರಾಗಿ ಸ್ಥಿರವಾಗಿದ್ದರೆ ಲೈನು ಬರುತ್ತಿದೆ. ಎಲ್‌ಒಎಸ್ ಕೆಂಪಾಗಿ ಉರಿದರೆ ಅಥವಾ ಮಿನುಗಿದರೆ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ; ಕೇಬಲ್ ತುಂಡಾಗಿರಬಹುದು ಅಥವಾ ಮಡಚಿಕೊಂಡಿರಬಹುದು. ಫೈಬರ್ ಎಂದರೆ ಕೂದಲಿನಂಥ ಗಾಜಿನ ಎಳೆ. ಸೋಫಾ ಸರಿಸುವಾಗ, ಗುಡಿಸುವಾಗ ಅದು ಚೂಪಾಗಿ ಬಾಗಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ. ಅದಕ್ಕೆ ಮೊಳೆ ಹೊಡೆಯಬೇಡಿ, ಗಂಟು ಹಾಕಬೇಡಿ. ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಲೇಬೇಡಿ, ಮಕ್ಕಳಿಗೂ ಬಿಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ದೀಪ ಸರಿಯಿದ್ದೂ ನಿಧಾನವಾದರೆ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಹಿಂಭಾಗದ ಸಣ್ಣ ತೂತಿನೊಳಗಿನ 'ರೀಸೆಟ್' ಮಾತ್ರ ಒತ್ತಬೇಡಿ. ಅದನ್ನು ಒತ್ತಿ ಹಿಡಿದರೆ ಕಂಪೆನಿಯವರು ಹಾಕಿಕೊಟ್ಟ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಗುಡುಗು ಸಿಡಿಲಿನ ಸಂಜೆ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆದಿಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಕರೆಂಟಿನ ಲೈನಿನಿಂದ ಬಂದ ಹೊಡೆತ ರೂಟರನ್ನು ಸುಡಬಲ್ಲದು.

ಮೊಬೈಲ್ ಡೇಟಾ ಮಾತ್ರ ಇರುವವರಿಗೆ

ಮನೆಯಲ್ಲಿ ವೈಫೈ ಇಲ್ಲದೆ ಸಿಮ್ಮಿನ ಡೇಟಾದಲ್ಲೇ ನಡೆಸುವ ಸೋದರಿಯರು ಅನೇಕರಿದ್ದಾರೆ. ಸಂಜೆಯಾಗುತ್ತಲೇ ಫೋನ್ ಇದ್ದಕ್ಕಿದ್ದಂತೆ ಸತ್ತಂತಾದರೆ ಮೊದಲು ಅಂದಿನ ಡೇಟಾ ಮುಗಿದಿದೆಯೇ ನೋಡಿ. ದಿನದ ಪಾಲು ಮುಗಿದ ಮೇಲೆ ಅನೇಕ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಡಯಲ್-ಅಪ್‌ನ 56 ನೆನಪಿದೆಯೇ? ಹೆಚ್ಚುಕಡಿಮೆ ಅದೇ ಕಾಲಕ್ಕೆ ನಿಮ್ಮ ಫೋನ್ ಹಿಂದಿರುಗಿರುತ್ತದೆ! ಆ ವೇಗದಲ್ಲಿ 2 ಎಂಬಿಯ ಒಂದು ಫೋಟೋ ಇಳಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಅಕ್ಷರದ ಸಂದೇಶ ಹೋಗುತ್ತದೆ, ವಿಡಿಯೋ ಕರೆ ನಡೆಯದು. ಹಗಲಿನಲ್ಲಿ ತಾನಾಗಿ ಓಡುವ ಸಣ್ಣ ವಿಡಿಯೋಗಳನ್ನು, ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿ ಇಳಿಯುವ ಫೈಲುಗಳನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದರೆ ರಾತ್ರಿಯ ಕರೆಗೆ ಪಾಲು ಉಳಿಯುತ್ತದೆ.

ಡೇಟಾ ಉಳಿದಿದ್ದೂ ನಿಧಾನವಾದರೆ ಕಿಟಕಿಯ ಬಳಿ, ಅಂಗಳದಲ್ಲಿ ಅಳೆದು ನೋಡಿ. ಹೊರಗೆ ವೇಗ ಬಂದರೆ ಸಿಗ್ನಲ್ ನಿಮ್ಮ ಗೋಡೆಯಲ್ಲೇ ಸೋಲುತ್ತಿದೆ. ಹೊರಗೂ ಇಲ್ಲವಾದರೆ, ನೆರೆಮನೆಯಲ್ಲಿ ಬೇರೆ ಕಂಪೆನಿಯ ಸಿಮ್ ಹೇಗಿದೆ ಎಂದು ವಿಚಾರಿಸಿ. ನಂಬರ್ ಉಳಿಸಿಕೊಂಡೇ ಕಂಪೆನಿ ಬದಲಿಸಲು ಅವಕಾಶವಿದೆ.

ದೋಷ ಆ ಕಡೆಯಲ್ಲೂ ಇರಬಹುದು

ಕರೆಯಲ್ಲಿ ಇಬ್ಬರ ಸಂಪರ್ಕವೂ ಸೇರಿರುತ್ತದೆ. ಗಲ್ಫ್‌ಗೆ ಮಾಡಿದ ಕರೆ ಮಾತ್ರ ಕಡಿಯುತ್ತಿದ್ದರೆ, ಕೂಡಲೇ ಊರಿನಲ್ಲೇ ಇರುವ ತಂಗಿಗೋ ಅತ್ತಿಗೆಗೋ ವಿಡಿಯೋ ಕರೆ ಮಾಡಿ. ಅದು ಸರಾಗವಾಗಿದ್ದರೆ ನಿಮ್ಮ ಮನೆಯಲ್ಲಿ ದೋಷವಿಲ್ಲ. ಒಂದು ಕ್ಯಾಂಪ್ ಕೋಣೆಯಲ್ಲಿ ಆರೇಳು ಜನ ಒಂದೇ ವೈಫೈ ಹಂಚಿಕೊಂಡಿರುತ್ತಾರೆ. ಕೆಲಸ ಬಿಟ್ಟು ಬಂದ ಹೊತ್ತಿಗೆ ಎಲ್ಲರೂ ಮನೆಗೆ ಕರೆ ಮಾಡುವವರೇ. ಅರ್ಧ ಗಂಟೆ ಹಿಂದು ಮುಂದು ಮಾಡಿಕೊಂಡರೆ ಸರಿಹೋಗಬಹುದು. ಸೌದಿ ಅರೇಬಿಯಾ 2017ರಲ್ಲಿ ಇಂಟರ್ನೆಟ್ ಕರೆಗಳ ಮೇಲಿನ ನಿಷೇಧ ತೆಗೆದುಹಾಕಿತು. ಯುಎಇಯಲ್ಲಾದರೆ ಯಾವ ಆ್ಯಪ್‌ಗೆ ಅನುಮತಿಯಿದೆಯೋ ಅದನ್ನು ಬಳಸಬೇಕು. ಅನುಮತಿ ಇಲ್ಲದ ಆ್ಯಪ್‌ನ ಕರೆ ಹೋಗದಿದ್ದರೆ ಅದು ವೇಗದ ದೋಷವಲ್ಲ.

ಕೆಲವೊಮ್ಮೆ ಕಾರಣ ಸಮುದ್ರದ ತಳದಲ್ಲಿರುತ್ತದೆ. ಭಾರತ, ಗಲ್ಫ್ ಮತ್ತು ಯುರೋಪಿನ ನಡುವಿನ ಇಂಟರ್ನೆಟ್‌ನ ಬಹುಪಾಲು ಸಮುದ್ರದಡಿಯ ಕೇಬಲ್‌ಗಳಲ್ಲಿ ಹರಿಯುತ್ತದೆ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ, 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಭಾರತ ಮತ್ತು ಗಲ್ಫ್ ಎರಡರಲ್ಲೂ ಸಂಪರ್ಕ ನಿಧಾನವಾಗಿತ್ತು. ಅಂತಹ ದಿನಗಳಲ್ಲಿ ಯಾವ ಪ್ಲಾನ್ ಹಾಕಿಸಿದರೂ ಪ್ರಯೋಜನವಿಲ್ಲ. ಚಿತ್ರ ನಿಲ್ಲಿಸಿ ಧ್ವನಿಯಲ್ಲಷ್ಟೇ ಮಾತಾಡಿ.

ದೂರು ಕೊಡುವಾಗ

ತೊಂದರೆ ಕಂಪೆನಿಯದ್ದೇ ಎಂದು ಗೊತ್ತಾದ ಮೇಲೆ ಹಿಂಜರಿಯದೆ ದೂರು ಕೊಡಿ. "ನೆಟ್ ಸ್ಲೋ ಇದೆ" ಎನ್ನುವ ಬದಲು ನಿಮ್ಮ ಹಾಳೆಯನ್ನು ಓದಿ ಹೇಳಿ: "ಪ್ಲಾನ್ 40ರದ್ದು. ರೂಟರ್ ಪಕ್ಕದಲ್ಲಿ, ಎರಡು ಫೋನಿನಲ್ಲಿ, ಮೂರು ರಾತ್ರಿ ಅಳೆದೆ. ಆರು ದಾಟಿಲ್ಲ." ಹೀಗೆ ಹೇಳುವವರಿಗೆ ದೊಡ್ಡ ಪ್ಲಾನ್ ಮಾರುವುದು ಸುಲಭವಲ್ಲ. ದೂರಿನ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅದನ್ನು ಕೊಡುವುದು ಕಂಪೆನಿಯ ಕರ್ತವ್ಯ. ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಉಚಿತವಾಗಿ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಮೋಸಗಾರರು ಹಾಕಿದ ನಂಬರುಗಳೂ ಇರುತ್ತವೆ. ಬಿಲ್ಲಿನಲ್ಲಿ ಅಥವಾ ಕಂಪೆನಿಯ ಆ್ಯಪ್‌ನಲ್ಲಿ ಇರುವ ನಂಬರನ್ನೇ ಬಳಸಿ. "ಸ್ಪೀಡ್ ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ" ಎಂದವರ ಫೋನನ್ನು ಅಲ್ಲಿಗೇ ಇಟ್ಟುಬಿಡಿ. ಇಂಟರ್ನೆಟ್ ಸರಿಪಡಿಸಲು ಯಾರಿಗೂ ನಿಮ್ಮ ಒಟಿಪಿ ಬೇಕಾಗಿಲ್ಲ. ಹಣ ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ 1930ಕ್ಕೆ ತಿಳಿಸಿ.

ಮುಂದಿನ ರೀಚಾರ್ಜ್‌ಗೆ ಇನ್ನೂ ದಿನಗಳಿರುತ್ತವೆ. ಅಷ್ಟರೊಳಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಹಾಳೆ, ಪೆನ್ನು ಹಿಡಿಯಿರಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಕೋಣೆ ಕೋಣೆಗೆ ಓಡಿ ಅಳೆಯುವ ಕೆಲಸ ಅವರಿಗೆ ಆಟದಂತೆ ಇಷ್ಟವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಹಾಳೆಯನ್ನು ರೂಟರಿನ ಹತ್ತಿರವೇ ಅಂಟಿಸಿಡಿ. ಮುಂದಿನ ಬಾರಿ ಸಂಪರ್ಕ ಕುಂಟಿದಾಗ, ಮೊದಲು ಎಷ್ಟಿತ್ತು ಈಗ ಎಷ್ಟಿದೆ ಎಂದು ನೋಡಲು ಅದೇ ನಿಮ್ಮ ಕೈಯಲ್ಲಿರುವ ಸಾಕ್ಷಿ.